ಬಂಗಾಳಕೊಲ್ಲಿಯ ವಾಯುಭಾರ ಕುಸಿತದಿಂದ ನಮ್ಮ ಕಡೆ ಸುಂಟರಗಾಳಿ ಬರುವುದುಂಟೇ? ಭತ್ತದ ಕಟಾವಿನ ನಡುವೆ ಒಂದು ಪ್ರಶ್ನೆ

ಕಾರಟಗಿಯ ಭತ್ತದ ರೈತ (ಬೆಳಿಗ್ಗೆ 6:40)

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿಯಿಂದ ನಮ್ಮ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಸಂದೇಶ ಸುತ್ತುತ್ತಿದೆ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ, ಎರಡು ದಿನಗಳೊಳಗೆ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಿಗೆ ಸುಂಟರಗಾಳಿ ಅಪ್ಪಳಿಸಲಿದೆ, ಯಾರೂ ಹೊರಗೆ ಬರಬೇಡಿ ಎಂದು ಅದರಲ್ಲಿದೆ. ಜೊತೆಗಿರುವ ವಿಡಿಯೊದಲ್ಲಿ ಆನೆಯ ಸೊಂಡಿಲಿನಂತಹ ಗಾಳಿ ಒಂದು ಊರನ್ನೇ ನುಂಗುತ್ತಿದೆ. ಆದರೆ ಅಲ್ಲಿ ಕಾರುಗಳು ರಸ್ತೆಯ ಬಲಗಡೆಯಲ್ಲಿ ಓಡುತ್ತಿರುವುದರಿಂದ ಅದು ನಮ್ಮ ದೇಶದ್ದಲ್ಲ ಎಂದು ನನ್ನ ಮಗಳೇ ತೋರಿಸಿಕೊಟ್ಟಳು.

ನನ್ನದು ಎಂಟು ಎಕರೆ ಬೇಸಿಗೆ ಭತ್ತ. ಮೂರು ಎಕರೆಯದು ಕಟಾವಾಗಿ ರಾಶಿ ಕಣದಲ್ಲಿ ಒಣಗುತ್ತಿದೆ, ಐದು ಎಕರೆ ಇನ್ನೂ ನಿಂತಿದೆ. ಕಟಾವು ಯಂತ್ರದವರು ನಾಡಿದ್ದು ಬರುತ್ತೇವೆ ಎನ್ನುತ್ತಾರೆ, ಇಂದೇ ಬೇಕೆಂದರೆ ಗಂಟೆಯ ಬಾಡಿಗೆಯ ಮೇಲೆ ಐನೂರು ರೂಪಾಯಿ ಹೆಚ್ಚು ಕೇಳುತ್ತಾರೆ. ವಾಯುಭಾರ ಕುಸಿತವೆಂದರೆ ಸುಂಟರಗಾಳಿ ಬಂದೇ ಬರುತ್ತದೆಯೇ? ನಮ್ಮಂಥವರು ಯಾವುದನ್ನು ನೋಡಿ ತೀರ್ಮಾನ ಮಾಡಬೇಕು? ತಿಳಿದವರು ದಯವಿಟ್ಟು ಹೇಳಬೇಕು.

ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ರಾಯಚೂರು (7:25)

ಅಣ್ಣನವರೇ, ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ಬೇಸಿಗೆಯ ಮಧ್ಯಾಹ್ನ ಎರೆಹೊಲದಲ್ಲಿ ಧೂಳು, ತರಗು ಎತ್ತಿಕೊಂಡು ಬುಗುರಿಯಂತೆ ಓಡುವ ಸುಳಿಯನ್ನು ನಾವು ಸುಂಟರಗಾಳಿ ಎನ್ನುತ್ತೇವೆ. ಮಳೆಗೆ ಮುಂಚೆ ನುಗ್ಗಿ ತಗಡು ಹಾರಿಸುವ ಬಿರುಗಾಳಿಯನ್ನೂ ಪತ್ರಿಕೆಗಳು ಸುಂಟರಗಾಳಿ ಎಂದೇ ಬರೆಯುತ್ತವೆ. ಅಮೆರಿಕದ ಟೊರ್ನಾಡೊಗೂ ಅದೇ ಹೆಸರು. ಮೊದಲನೆಯದಕ್ಕೆ ಮೋಡವೇ ಬೇಕಿಲ್ಲ, ನೆಲ ಕಾದರೆ ಸಾಕು. ಮೂರನೆಯದು ಗುಡುಗಿನ ಮೋಡದ ತಳದಿಂದ ನೆಲದವರೆಗೆ ಇಳಿದ ಸುಳಿ. ನಮ್ಮ ಮೂರು ಜಿಲ್ಲೆಗಳಲ್ಲಿ ಬೆಳೆ, ಮನೆ, ವಿದ್ಯುತ್ ಕಂಬಗಳನ್ನು ಕೆಡವುವುದು ಹೆಚ್ಚಾಗಿ ಎರಡನೆಯದು, ಮತ್ತು ನನ್ನ ತಿಳಿವಳಿಕೆಯಲ್ಲಿ ತಾವು ಇಂದು ಎಚ್ಚರವಾಗಿರಬೇಕಾದದ್ದೂ ಅದಕ್ಕೇ.

ಇನ್ನು ವಾಯುಭಾರ ಕುಸಿತ. ಸಮುದ್ರದ ಮೇಲಿನ ಇಂತಹ ವ್ಯವಸ್ಥೆಯಲ್ಲಿ ಗಾಳಿಯ ವೇಗ ಗಂಟೆಗೆ 31 ಕಿಲೋಮೀಟರಿಗಿಂತ ಕಡಿಮೆ ಇರುವವರೆಗೆ ಹವಾಮಾನ ಇಲಾಖೆ ಅದನ್ನು ಕಡಿಮೆ ಒತ್ತಡದ ಪ್ರದೇಶ ಎಂದಷ್ಟೇ ಕರೆಯುತ್ತದೆ. 31ರಿಂದ 49ರವರೆಗೆ ವಾಯುಭಾರ ಕುಸಿತ, 50ರಿಂದ 61ರವರೆಗೆ ತೀವ್ರ ವಾಯುಭಾರ ಕುಸಿತ, 62 ಮುಟ್ಟಿದ ಮೇಲೆ ಚಂಡಮಾರುತ. ನಮ್ಮ ಪತ್ರಿಕೆಗಳು ಮೊದಲ ಮೂರಕ್ಕೂ ಒಂದೇ ಶೀರ್ಷಿಕೆ ಕೊಡುವುದರಿಂದ ಓದುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಈ ವ್ಯವಸ್ಥೆ ನೂರಾರು ಕಿಲೋಮೀಟರ್ ಅಗಲ ಹರಡಿ ದಿನಗಟ್ಟಲೆ ಬದುಕುತ್ತದೆ. ಟೊರ್ನಾಡೊ ಕೆಲವು ಹತ್ತು ಅಥವಾ ಕೆಲವು ನೂರು ಮೀಟರ್ ಅಗಲವಿದ್ದು ಬಹುಪಾಲು ನಿಮಿಷಗಳಲ್ಲೇ ಮುಗಿದುಹೋಗುತ್ತದೆ. ವಾಯುಭಾರ ಕುಸಿತವನ್ನು ನಾಲ್ಕೈದು ದಿನ ಮುಂಚಿತವಾಗಿ ಹೇಳಬಹುದು. ಟೊರ್ನಾಡೊವನ್ನು ಎರಡು ದಿನ ಮೊದಲೇ ಜಿಲ್ಲೆಯ ಹೆಸರು ಹಿಡಿದು ಹೇಳುವ ವಿದ್ಯೆ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಆ ವಾಟ್ಸಾಪ್ ಸಂದೇಶ ಸುಳ್ಳೆಂದು ಹೇಳುವುದಕ್ಕೆ ಇದೊಂದೇ ಸಾಕು.

ನಮ್ಮವರು 2009ರ ಸೆಪ್ಟೆಂಬರ್ ಕೊನೆಯ ಮತ್ತು ಅಕ್ಟೋಬರ್ ಮೊದಲ ದಿನಗಳನ್ನು ಮರೆತಿಲ್ಲ. ಕೊಲ್ಲಿಯಿಂದ ಒಳನಾಡಿಗೆ ಬಂದ ವ್ಯವಸ್ಥೆಯೊಂದು ಎಡೆಬಿಡದೆ ಮಳೆ ಸುರಿಸಿತು, ಮಣ್ಣಿನ ಮಾಳಿಗೆ ಮನೆಗಳು ನೆನೆದು ಕುಸಿದವು, ಮಂತ್ರಾಲಯದ ಮಠದೊಳಗೇ ತುಂಗಭದ್ರೆಯ ನೀರು ನುಗ್ಗಿತು. ಅಂದು ನಮ್ಮನ್ನು ಕಾಡಿದ್ದು ನೆರೆಯೇ ಹೊರತು ಸುಳಿಗಾಳಿಯಲ್ಲ.

ಮೇ ತಿಂಗಳಲ್ಲಿ ಕುಸಿತ ಎಲ್ಲಿದೆ ಎಂಬುದು ಅದು ಇದೆ ಎಂಬುದಕ್ಕಿಂತ ಮುಖ್ಯ. ಅದು ಒಡಿಶಾ, ಬಂಗಾಳದ ಕಡೆಗೆ ಸರಿದರೆ ನಮ್ಮ ಮೇಲೆ ವಾಯುವ್ಯದ ಒಣಗಾಳಿಯನ್ನು ಎಳೆದುಕೊಳ್ಳುತ್ತದೆ. ಮಳೆ ಬರುವ ಬದಲು ಬಿಸಿಲು ಇನ್ನಷ್ಟು ಏರುತ್ತದೆ. ಆಂಧ್ರ ಕರಾವಳಿಯನ್ನು ದಾಟಿ ಒಳಗೆ ಬಂದರೆ ಮೋಡ ಮುಚ್ಚಿದ ಮಳೆ. ನಮ್ಮ ಸಂಜೆಯ ಗುಡುಗು ಮಳೆಗೆ ಮುಖ್ಯ ಕಾರಣ ಇವೆರಡೂ ಅಲ್ಲ. ವಿದರ್ಭ, ಮರಾಠವಾಡದಿಂದ ಕರ್ನಾಟಕದ ಒಳನಾಡಿನ ಮೂಲಕ ದಕ್ಷಿಣಕ್ಕೆ ಚಾಚುವ ಕಡಿಮೆ ಒತ್ತಡದ ತಗ್ಗು ಪಟ್ಟಿಯ ಉದ್ದಕ್ಕೂ ಪಶ್ಚಿಮದ ಒಣಗಾಳಿ ಮತ್ತು ಕೊಲ್ಲಿಯ ಕಡೆಯ ತೇವದ ಗಾಳಿ ಎದುರಾಗುತ್ತವೆ. ಮಾಧ್ಯಮಗಳು ಕೊಲ್ಲಿಯನ್ನು ತೋರಿಸುತ್ತಿರುವಾಗ ನಮ್ಮ ಮಳೆ ನಮ್ಮ ನೆತ್ತಿಯ ಮೇಲಿನ ಈ ಪಟ್ಟಿಯಿಂದ ಬರುತ್ತಿರುತ್ತದೆ.

ಕಂಪ್ಲಿಯ ಬಾಳೆ ತೋಟದವರು (8:05)

ಗುರುಗಳೇ, ತಮ್ಮ ಮಾತನ್ನು ಅಲ್ಲಗಳೆಯುತ್ತೇನೆಂದು ತಪ್ಪು ತಿಳಿಯಬಾರದು. ಹೋದ ವರ್ಷ ಏಪ್ರಿಲ್ ಕೊನೆಯಲ್ಲಿ ನಮ್ಮ ತೋಟದಲ್ಲಿ ಗೊನೆ ಹೊತ್ತಿದ್ದ ಆರುನೂರು ಬಾಳೆ ಗಿಡಗಳು ಏಳೆಂಟು ನಿಮಿಷಗಳಲ್ಲಿ ಮಲಗಿದವು, ಪಂಪ್‌ಸೆಟ್ ಕೋಣೆಯ ತಗಡು ನೂರಡಿ ದೂರದ ವಿದ್ಯುತ್ ಕಂಬಕ್ಕೆ ಸೀರೆ ಸುತ್ತಿದ ಹಾಗೆ ಸುತ್ತಿಕೊಂಡಿತ್ತು. ಪಕ್ಕದ ತೋಟದಲ್ಲಿ ಒಂದು ಎಲೆಯೂ ಹರಿದಿರಲಿಲ್ಲ. ಅಷ್ಟು ಕಿರಿದಾದ ಜಾಗದಲ್ಲಿ ಅಷ್ಟು ಬಲವಾಗಿ ಹೊಡೆದದ್ದು ಸುಂಟರಗಾಳಿ ಅಲ್ಲದೆ ಇನ್ನೇನು?

ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ರಾಯಚೂರು (8:20)

ತಪ್ಪೇನೂ ಇಲ್ಲ, ಇಂತಹ ಅನುಭವದಿಂದಲೇ ಚರ್ಚೆಗೆ ಬೆಲೆ. ಒಂದೇ ಪ್ರಶ್ನೆ. ಗಿಡಗಳು ಯಾವ ಕಡೆಗೆ ತಲೆ ಹಾಕಿ ಬಿದ್ದಿದ್ದವು?

ಕಂಪ್ಲಿಯ ಬಾಳೆ ತೋಟದವರು (8:50)

ಪರಿಹಾರದ ಅರ್ಜಿಗಾಗಿ ತೆಗೆದ ಫೋಟೊಗಳನ್ನು ಈಗ ಮತ್ತೆ ನೋಡಿದೆ. ಹೊಳೆಯ ಕಡೆಯ ಸಾಲುಗಳು ಈಶಾನ್ಯಕ್ಕೆ, ನಡುವಿನವು ನೇರ ಪೂರ್ವಕ್ಕೆ, ರಸ್ತೆಯ ಕಡೆಯವು ಆಗ್ನೇಯಕ್ಕೆ ಬಿದ್ದಿವೆ. ಬೀಸಣಿಗೆ ಬಿಚ್ಚಿದ ಹಾಗೆ ಕಾಣುತ್ತದೆ. ಒಂದರ ಮೇಲೊಂದು ಅಡ್ಡಾದಿಡ್ಡಿಯಾಗಿ ಬಿದ್ದದ್ದು ಎಲ್ಲಿಯೂ ಕಾಣಲಿಲ್ಲ. ಇಷ್ಟು ದಿನ ಇದನ್ನು ನಾನೇ ಗಮನಿಸಿರಲಿಲ್ಲ.

ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ರಾಯಚೂರು (9:30)

ಹಾಗಾದರೆ ತಮ್ಮ ತೋಟಕ್ಕೆ ಬಂದದ್ದು ಮೋಡದಿಂದ ಕೆಳಗೆ ಧುಮುಕಿದ ಗಾಳಿ. ತುಂಬಿದ ಕೊಡವನ್ನು ಅಂಗಳಕ್ಕೆ ಒಮ್ಮೆಲೇ ಬೋರಲು ಹಾಕಿದರೆ ನೀರು ನೆಲಕ್ಕೆ ಬಡಿದು ಸುತ್ತಲೂ ಚೆಲ್ಲುತ್ತದಲ್ಲ, ಅದೇ ರೀತಿ. ಸುಳಿಯಾಗಿದ್ದರೆ ಗಿಡಗಳು ಒಂದು ಗೆರೆಯ ಕಡೆಗೆ ಎರಡೂ ಬದಿಯಿಂದ ಮುಖ ಮಾಡಿ, ಹೆಣೆದುಕೊಂಡು ಬಿದ್ದಿರುತ್ತಿದ್ದವು.

ಈ ವ್ಯತ್ಯಾಸವನ್ನು ಜಗತ್ತಿಗೆ ತೋರಿಸಿಕೊಟ್ಟವರು ಜಪಾನಿನಲ್ಲಿ ಹುಟ್ಟಿ ಶಿಕಾಗೊ ವಿಶ್ವವಿದ್ಯಾಲಯದಲ್ಲಿದ್ದ ಟೆಟ್ಸುಯಾ ಫುಜಿಟಾ. 1945ರಲ್ಲಿ ನಾಗಸಾಕಿ, ಹಿರೋಶಿಮಾಗಳ ಅವಶೇಷಗಳ ನಡುವೆ ಮರಗಳು ಒಂದು ಬಿಂದುವಿನಿಂದ ಹೊರಮುಖವಾಗಿ ಬಿದ್ದಿದ್ದುದನ್ನು ಅವರು ಕಂಡಿದ್ದರು. 1974ರ ಏಪ್ರಿಲ್ 3 ಮತ್ತು 4ರಂದು ಅಮೆರಿಕದಲ್ಲಿ ಒಂದೇ ಬಾರಿಗೆ 148 ಟೊರ್ನಾಡೊಗಳು ಎದ್ದಾಗ ವಿಮಾನದಿಂದ ಹಾನಿಯ ಸಮೀಕ್ಷೆ ಮಾಡುತ್ತಿದ್ದ ಅವರಿಗೆ ಕೆಲವು ಕಡೆ ಅದೇ ಹೊರಮುಖದ ವಿನ್ಯಾಸ ಮತ್ತೆ ಕಾಣಿಸಿತು. ಮರುವರ್ಷ ಜೂನ್ 24ರಂದು ನ್ಯೂಯಾರ್ಕಿನಲ್ಲಿ ಇಳಿಯುತ್ತಿದ್ದ ವಿಮಾನವೊಂದು ಬಿದ್ದ ದುರಂತವನ್ನು ಪರಿಶೀಲಿಸಿ, ಗುಡುಗಿನ ಮೋಡದಿಂದ ಧುಮುಕುವ ಗಾಳಿಯೇ ಅದಕ್ಕೆ ಕಾರಣವೆಂದು ಅವರು ವಾದಿಸಿದರು. ಟೊರ್ನಾಡೊಗಳ ಬಲವನ್ನು ಅಳೆಯುವ ಮಾಪಕಕ್ಕೆ ಇರುವುದೂ ಅವರದೇ ಹೆಸರು.

ನಮ್ಮಲ್ಲಿ ಧುಮುಕುವ ಗಾಳಿಯೇ ಏಕೆ ಹೆಚ್ಚು ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದು. ಮಧ್ಯಾಹ್ನದ ಉಷ್ಣಾಂಶದಿಂದ ಇಬ್ಬನಿ ಬಿಂದುವನ್ನು (ಗಾಳಿ ತಣಿದು ಅದರ ತೇವ ಹನಿಯಾಗತೊಡಗುವ ಉಷ್ಣಾಂಶವನ್ನು) ಕಳೆದು, ಬಂದದ್ದನ್ನು 125ರಿಂದ ಗುಣಿಸಿದರೆ ಮೋಡದ ತಳ ನೆಲದಿಂದ ಸುಮಾರು ಎಷ್ಟು ಮೀಟರ್ ಎತ್ತರದಲ್ಲಿದೆ ಎಂದು ತಿಳಿಯುತ್ತದೆ. ರಾಯಚೂರಿನ ಮೇ ತಿಂಗಳ ಒಂದು ಮಧ್ಯಾಹ್ನ 41 ಡಿಗ್ರಿ ಇದ್ದು ಇಬ್ಬನಿ ಬಿಂದು 18 ಇದ್ದರೆ ವ್ಯತ್ಯಾಸ 23, ಮೋಡದ ತಳ ಹತ್ತಿರಹತ್ತಿರ 2,900 ಮೀಟರ್. ಅಷ್ಟು ಎತ್ತರದಿಂದ ಬೀಳುವ ಮಳೆಹನಿ ದಾರಿಯ ಒಣಗಾಳಿಯಲ್ಲಿ ಆವಿಯಾಗುತ್ತಾ ಬರುತ್ತದೆ. ಆವಿಯಾಗುವಾಗ ಸುತ್ತಲಿನ ಗಾಳಿಯ ಶಾಖವನ್ನು ಹೀರುತ್ತದೆ. ತಂಪಾದ ಗಾಳಿ ಭಾರವಾಗಿ ಕಲ್ಲು ಬಿದ್ದಂತೆ ಬೀಳುತ್ತದೆ. ಹನಿ ನಾಲ್ಕೇ ಬಿದ್ದರೂ ಗಾಳಿ ಮಾತ್ರ ಹುಣಸೆ ಮರ ಉರುಳಿಸುವಷ್ಟು ಬರುವುದು ಇದರಿಂದಲೇ. ಬಲವಾದ ಟೊರ್ನಾಡೊಗೆ ಸಾಮಾನ್ಯವಾಗಿ ಮೋಡದ ತಳ ಸಾವಿರ ಮೀಟರಿನ ಆಸುಪಾಸಿನಲ್ಲೋ ಅದಕ್ಕಿಂತ ಕೆಳಗೋ ಇರಬೇಕಾಗುತ್ತದೆ.

ಅದರ ಜೊತೆಗೆ ಇನ್ನೊಂದು ಬೇಕು. ದೀಪದ ಬತ್ತಿ ಹೊಸೆಯುವಾಗ ಕೆಳಗಿನ ಅಂಗೈ ನಿಂತಿದ್ದು ಮೇಲಿನದು ಸರಿದರೆ ಹತ್ತಿ ಉರುಳುತ್ತದೆ. ನೆಲದ ಬಳಿ ಗಾಳಿ ನಿಧಾನವಾಗಿದ್ದು ಐದಾರು ಕಿಲೋಮೀಟರ್ ಮೇಲೆ ಬೇರೆ ದಿಕ್ಕಿನಿಂದ ಅತಿವೇಗವಾಗಿ ಬೀಸುತ್ತಿದ್ದರೆ ನಡುವಿನ ಗಾಳಿಯೂ ಹೀಗೆ ಅಡ್ಡಲಾಗಿ ಉರುಳುತ್ತದೆ, ಮೇಲೇರುವ ಬಿಸಿಗಾಳಿ ಆ ಉರುಳೆಯನ್ನು ಎತ್ತಿ ನಿಲ್ಲಿಸಿದಾಗ ಮೋಡವೇ ತಿರುಗತೊಡಗುತ್ತದೆ. ಮೇ ತಿಂಗಳಲ್ಲಿ ಎತ್ತರದ ಪಶ್ಚಿಮದ ವೇಗದ ಗಾಳಿ ಉತ್ತರ ಭಾರತದ ಮೇಲಿರುತ್ತದೆ. ನಮ್ಮ ಮೇಲೆ ಕೆಳಗಿನ ಅಂಗೈಯೂ ಮೇಲಿನ ಅಂಗೈಯೂ ಬಹುತೇಕ ಸೋಮಾರಿಗಳೇ.

ಗಂಗಾವತಿಯ ಪದವಿ ವಿದ್ಯಾರ್ಥಿ (9:55)

ಸರ್, ಹಾಗಾದರೆ ಭಾರತದಲ್ಲಿ ನಿಜವಾದ ಟೊರ್ನಾಡೊ ಬಂದೇ ಇಲ್ಲವೇ?

ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ರಾಯಚೂರು (10:10)

ಬಂದಿದೆ. 1978ರ ಮಾರ್ಚ್ 17ರಂದು ದೆಹಲಿಯಲ್ಲಿ, 1998ರ ಮಾರ್ಚ್ 24ರಂದು ಬಂಗಾಳ ಮತ್ತು ಒಡಿಶಾ ಗಡಿಯ ಕರಾವಳಿಯಲ್ಲಿ, 2024ರ ಮಾರ್ಚ್ 31ರಂದು ಜಲಪಾಯಿಗುಡಿಯಲ್ಲಿ ಬಂದವು ದಾಖಲಾಗಿವೆ. ಜಗತ್ತಿನಲ್ಲೇ ಅತಿ ಹೆಚ್ಚು ಜೀವ ತೆಗೆದದ್ದೆಂದು ಲೆಕ್ಕಕ್ಕೆ ಸಿಕ್ಕಿರುವುದು 1989ರ ಏಪ್ರಿಲ್ 26ರ ಬಾಂಗ್ಲಾದೇಶದ ಟೊರ್ನಾಡೊ. ಸುಮಾರು 1,300 ಜನ ಸತ್ತರು. ಈ ಪಟ್ಟಿಯಲ್ಲಿ ಇರುವುದೆಲ್ಲ ಮಾರ್ಚ್, ಏಪ್ರಿಲ್, ಇರುವುದೆಲ್ಲ ಉತ್ತರ ಮತ್ತು ಪೂರ್ವ. ಅಲ್ಲಿ ಆಗ ಕೆಳಗೆ ಕೊಲ್ಲಿಯ ತೇವ, ಮೇಲೆ ಪಶ್ಚಿಮದ ವೇಗದ ಗಾಳಿ, ಎರಡು ಅಂಗೈಗಳೂ ಕೆಲಸ ಮಾಡುತ್ತಿರುತ್ತವೆ.

ಬಳ್ಳಾರಿಯವಳು, ಈಗ ಒಕ್ಲಹೋಮ (10:40)

ನಾನು ಕೌಲ್ ಬಜಾರಿನಲ್ಲಿ ಬೆಳೆದವಳು, ಹನ್ನೊಂದು ವರ್ಷಗಳಿಂದ ಒಕ್ಲಹೋಮ ಸಿಟಿಯಲ್ಲಿದ್ದೇನೆ. ಇಲ್ಲಿ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಎಚ್ಚರಿಕೆಯ ಸೈರನ್ನುಗಳನ್ನು ಪರೀಕ್ಷೆಗಾಗಿ ಕೂಗಿಸುತ್ತಾರೆ; ಬಂದ ಹೊಸದರಲ್ಲಿ ಅದನ್ನು ಕೇಳಿ ಸ್ನಾನದ ಮನೆಗೆ ಓಡಿ ಕುಳಿತಿದ್ದೆ.

ಇಲ್ಲಿ ವಾಯುಭಾರ ಕುಸಿತವೆಂದರೆ ಬೇರೆಯೇ ಜಾತಿ. ವಸಂತದಲ್ಲಿ ರಾಕಿ ಪರ್ವತಗಳ ಪೂರ್ವಕ್ಕೆ ಅದು ರೂಪುಗೊಂಡಾಗ ದಕ್ಷಿಣದ ಮೆಕ್ಸಿಕೊ ಕೊಲ್ಲಿಯಿಂದ ತೇವದ ಗಾಳಿ, ನೈಋತ್ಯದ ಮರುಭೂಮಿಯಿಂದ ಒಣಗಾಳಿ, ಉತ್ತರದಿಂದ ತಣ್ಣನೆಯ ಗಾಳಿ ಬಂದು ಸೇರುತ್ತವೆ, ಮೇಲೆ ಜೆಟ್ ಪ್ರವಾಹ, ಅಂದರೆ ಎತ್ತರದ ಅತಿವೇಗದ ಗಾಳಿ, ಹರಿಯುತ್ತಿರುತ್ತದೆ. ಇಷ್ಟೆಲ್ಲ ಇದ್ದೂ ಇಲ್ಲಿನವರು ದಿನಗಳ ಮೊದಲೇ ಊರಿನ ಹೆಸರು ಹೇಳುವುದಿಲ್ಲ. ನಾರ್ಮನ್ ಪಟ್ಟಣದ ಬಿರುಗಾಳಿ ಮುನ್ಸೂಚನಾ ಕೇಂದ್ರ ಎಂಟು ದಿನಗಳ ಮುಂಚಿನಿಂದ ವಿಶಾಲವಾದ ಪ್ರದೇಶಗಳನ್ನು ಗುರುತಿಸುತ್ತದೆ, ದಿನ ಹತ್ತಿರವಾದಂತೆ ಅಪಾಯವನ್ನು ಐದು ಹಂತಗಳಲ್ಲಿ ತೋರಿಸುತ್ತದೆ, ಅದೇ ದಿನ ಕೆಲವು ಗಂಟೆಗಳ ಮಟ್ಟಿಗೆ ಸಿದ್ಧರಾಗಿರಿ ಎನ್ನುತ್ತದೆ. ಓಡಿ ಅಡಗಿಕೊಳ್ಳಿ ಎಂಬ ಕೊನೆಯ ಎಚ್ಚರಿಕೆಯನ್ನು ಸ್ಥಳೀಯ ಹವಾಮಾನ ಕಚೇರಿ ರಡಾರ್ ನೋಡಿ ಕೊಡುತ್ತದೆ. 2013ರ ಮೇ 20ರಂದು ನಮ್ಮ ಪಕ್ಕದ ಮೂರ್ ಎಂಬ ಪಟ್ಟಣದ ಒಂದು ಭಾಗ ನೆಲಸಮವಾದಾಗ ಆ ಎಚ್ಚರಿಕೆಗೂ ಟೊರ್ನಾಡೊ ನೆಲ ಮುಟ್ಟಿದ್ದಕ್ಕೂ ನಡುವೆ ಇದ್ದದ್ದು ಸುಮಾರು 16 ನಿಮಿಷ, ಮತ್ತು ಅದನ್ನು ಒಳ್ಳೆಯ ಅವಧಿಯೆಂದೇ ಇಲ್ಲಿ ಎಣಿಸುತ್ತಾರೆ. ಟೊರ್ನಾಡೊ ಎಚ್ಚರಿಕೆಗಳಲ್ಲಿ ಹತ್ತಕ್ಕೆ ಸುಮಾರು ಏಳು ಸುಳ್ಳಾಗುತ್ತವೆ ಎಂಬುದೂ ಇಲ್ಲಿ ಎಲ್ಲರಿಗೂ ಗೊತ್ತಿರುವ ಮಾತು.

ಮೊಟ್ಟಮೊದಲ ಟೊರ್ನಾಡೊ ಮುನ್ಸೂಚನೆ ಹೊರಟದ್ದೂ ಇದೇ ಊರಿನ ಟಿಂಕರ್ ವಾಯುನೆಲೆಯಿಂದ. 1948ರ ಮಾರ್ಚ್ 20ರಂದು ನೆಲೆಗೆ ಟೊರ್ನಾಡೊ ಹೊಡೆದು ವಿಮಾನಗಳು ಜಖಂಗೊಂಡವು. ಫಾಬುಷ್ ಮತ್ತು ಮಿಲ್ಲರ್ ಎಂಬ ಇಬ್ಬರು ಅಧಿಕಾರಿಗಳು ಹಳೆಯ ನಕ್ಷೆಗಳನ್ನೆಲ್ಲ ಹರಡಿಕೊಂಡು ಕುಳಿತು ಲಕ್ಷಣಗಳನ್ನು ಹುಡುಕಿದರು. ಐದೇ ದಿನಕ್ಕೆ, ಮಾರ್ಚ್ 25ರಂದು, ಅದೇ ಲಕ್ಷಣಗಳು ಮತ್ತೆ ಕಂಡಾಗ ಎಚ್ಚರಿಕೆ ಕೊಟ್ಟರು. ಅದೇ ಸಂಜೆ ಅದೇ ನೆಲೆಗೆ ಮತ್ತೊಂದು ಬಂತು.

ನಮ್ಮ ಕಡೆಯ ಕೆಲವು ಯೂಟ್ಯೂಬ್ ಚಾನೆಲ್ಲುಗಳು ಕೇಪ್ ಎಂಬ ಕೆಂಪು ನಕ್ಷೆಯನ್ನು ತೋರಿಸಿ ಹೆದರಿಸುವುದನ್ನು ನೋಡಿದ್ದೇನೆ. ಅದು ಗಾಳಿ ಮೇಲೇರಲು ಎಷ್ಟು ಶಕ್ತಿಯಿದೆ ಎಂಬುದನ್ನಷ್ಟೇ ಹೇಳುತ್ತದೆ. ಗುರುಗಳು ಹೇಳಿದ ಮೇಲಿನ ಅಂಗೈಯ ವಿಷಯ ಆ ನಕ್ಷೆಯಲ್ಲಿ ಇರುವುದೇ ಇಲ್ಲ.

ಸಿಂಧನೂರಿನ ಅಕ್ಕಿ ಗಿರಣಿಯವರು (11:15)

ಚರ್ಚೆ ಚೆನ್ನಾಗಿದೆ, ಆದರೆ ನಮ್ಮ ಸಂಕಟ ಬೇರೆ. ಜಿಲ್ಲೆಗೆ ಹಳದಿ ಎಚ್ಚರಿಕೆ ಎಂದು ದಿನವೂ ಬರುತ್ತದೆ. ಹತ್ತು ದಿನ ತಾಡಪತ್ರಿ ಹೊದಿಸಿದೆವು, ಹನಿ ಬೀಳಲಿಲ್ಲ. ಹನ್ನೊಂದನೆಯ ದಿನ ತೆರೆದಿಟ್ಟೆವು, ಇನ್ನೂರು ಚೀಲ ನೆನೆದವು. ಇಂತಹ ಮುನ್ಸೂಚನೆಯನ್ನು ಕಟ್ಟಿಕೊಂಡು ಏನು ಮಾಡುವುದು?

ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ರಾಯಚೂರು (11:50)

ತಮ್ಮ ದೂರು ನ್ಯಾಯವಾದದ್ದೇ. ಆದರೆ ಆ ಭಾಷೆಯನ್ನು ಓದುವ ಕ್ರಮವೊಂದಿದೆ. ಹಳದಿ ಎಂದರೆ ಗಮನವಿಟ್ಟಿರಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಈಗಲೇ ಕ್ರಮ ಕೈಗೊಳ್ಳಿ. ಪ್ರಕಟಣೆಯಲ್ಲಿ ಒಂದೆರಡು ಕಡೆ ಎಂದಿದ್ದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ನಾಲ್ಕನೆಯ ಒಂದು ಭಾಗಕ್ಕೆ ಮಳೆ ಎಂದರ್ಥ. ಲಿಂಗಸುಗೂರಿನಲ್ಲಿ ಬಿದ್ದು ಸಿಂಧನೂರಿನಲ್ಲಿ ಬೀಳದಿದ್ದರೆ ಆ ಮುನ್ಸೂಚನೆ ಸರಿಯಾಗಿಯೇ ಇತ್ತು. ಬೆಳಗಿನ ಬಣ್ಣವನ್ನು ನೋಡಿ ತಾಡಪತ್ರಿಯನ್ನೂ ಹಗ್ಗವನ್ನೂ ರಾಶಿಯ ಪಕ್ಕಕ್ಕೆ ತಂದಿಡಬೇಕು, ಹೊದಿಸುವುದನ್ನು ಮಧ್ಯಾಹ್ನದ ಮೇಲೆ ಬರುವ ಮೂರು ಗಂಟೆಗಳ ಅವಧಿಯ ತಕ್ಷಣದ ಮುನ್ಸೂಚನೆಯನ್ನು ನೋಡಿ ನಿರ್ಧರಿಸಬೇಕು.

ಕಾರಟಗಿಯ ಭತ್ತದ ರೈತ (12:10)

ಆ ಮೂರು ಗಂಟೆಯ ಮುನ್ಸೂಚನೆ ರಡಾರ್ ನೋಡಿ ಕೊಡುವುದಲ್ಲವೇ? ನಮ್ಮ ಕಡೆ ರಡಾರ್ ಕಾಣುತ್ತದೆಯೇ?

ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ರಾಯಚೂರು (12:45)

ರಡಾರ್, ಉಪಗ್ರಹ, ಸಿಡಿಲು ಗುರುತಿಸುವ ಜಾಲ, ಎಲ್ಲವನ್ನೂ ಸೇರಿಸಿ ಕೊಡುತ್ತಾರೆ. ಹೈದರಾಬಾದಿನ ಡಾಪ್ಲರ್ ರಡಾರಿನಿಂದ ರಾಯಚೂರು ನೇರ ಗೆರೆಯಲ್ಲಿ ಸುಮಾರು 180 ಕಿಲೋಮೀಟರ್, ಬಳ್ಳಾರಿ 300, ಕೊಪ್ಪಳ ಇನ್ನೂ ಹೆಚ್ಚು. ಮೋಡವನ್ನು ವಿವರವಾಗಿ ಅಳೆಯುವ ವ್ಯಾಪ್ತಿ ಸುಮಾರು 250 ಕಿಲೋಮೀಟರ್. ಗೋವಾದ ರಡಾರಿಗೆ ಕೊಪ್ಪಳ ಆ ಅಂಚಿನಲ್ಲಿ ಬರುತ್ತದೆ. ಅಂಚಿನಲ್ಲಿರುವುದರ ಕಷ್ಟವೇನೆಂದರೆ, ಭೂಮಿ ಗುಂಡಗಿರುವುದರಿಂದ ದೂರ ಹೋದಂತೆ ರಡಾರಿನ ಕಿರಣ ನೆಲದಿಂದ ಮೇಲೇರುತ್ತದೆ. ಅರ್ಧ ಡಿಗ್ರಿ ಕೋನದಲ್ಲಿ ಹೊರಟ ಕಿರಣ ರಾಯಚೂರಿನ ಮೇಲೆ ಬರುವಾಗ ಸುಮಾರು ಮೂರೂವರೆ ಕಿಲೋಮೀಟರ್ ಎತ್ತರದಲ್ಲಿರುತ್ತದೆ, 250 ಕಿಲೋಮೀಟರ್ ದೂರದಲ್ಲಿ ಆರು ಕಿಲೋಮೀಟರಿನ ಹತ್ತಿರ. ಮೋಡದ ಹೊಟ್ಟೆ ಕಾಣುತ್ತದೆ, ಪಾದ ಕಾಣುವುದಿಲ್ಲ. ಬಲೂನ್ ಹಾರಿಸಿ ಮೇಲಿನ ಗಾಳಿಯನ್ನು ಅಳೆಯುವುದೂ ದಿನಕ್ಕೆರಡು ಬಾರಿ, ಬೆಳಿಗ್ಗೆ ಮತ್ತು ಸಂಜೆ ಐದೂವರೆಯ ಲೆಕ್ಕಕ್ಕೆ, ಅದೂ ಹೈದರಾಬಾದ್, ಗೋವಾ, ಬೆಂಗಳೂರಿನಂತಹ ದೂರದ ಊರುಗಳಲ್ಲಿ. ಆದ್ದರಿಂದ ಕೊನೆಯ ಒಂದು ಗಂಟೆಯ ಮುನ್ಸೂಚನೆಯನ್ನು ನಮ್ಮ ಕಣ್ಣೇ ಮಾಡಬೇಕು.

ಕುಷ್ಟಗಿ ಕಡೆಯ ಗಾಳಿಯಂತ್ರ ತಂತ್ರಜ್ಞ (1:20)

ಆ ಕೊನೆಯ ಗಂಟೆಯ ಬಗ್ಗೆ ನಾನು ಹೇಳಬಲ್ಲೆ. ನಮ್ಮ ಯಂತ್ರಗಳ ತಲೆಯ ಮೇಲೆ ಗಾಳಿಯ ವೇಗ, ದಿಕ್ಕು, ಉಷ್ಣಾಂಶ ಅಳೆಯುವ ಉಪಕರಣಗಳಿವೆ, ಪರದೆಯ ಮೇಲೆ ಇಡೀ ದಿನ ಅವುಗಳನ್ನೇ ನೋಡುತ್ತಿರುತ್ತೇವೆ. ಗುಡುಗು ಮೋಡ ಹತ್ತಿರವಾದಾಗ ಮೊದಲು ಗಾಳಿ ಸತ್ತೇಹೋಗುತ್ತದೆ. ರೆಕ್ಕೆಗಳು ನಿಲ್ಲುತ್ತವೆ, ಕೆಳಗೆ ನಿಂತವರಿಗೆ ಕುದಿಯುವ ಸೆಕೆ. ಆಮೇಲೆ ದಿಕ್ಕಿನ ಮುಳ್ಳು ಒಮ್ಮೆಲೇ ತಿರುಗಿ ಮೋಡದ ಕಡೆಗೆ ನಿಲ್ಲುತ್ತದೆ, ಮಣ್ಣಿನ ವಾಸನೆ ಬರುತ್ತದೆ, ದಿಗಂತದಲ್ಲಿ ಕೆಂಧೂಳಿನ ಗೋಡೆ ಏಳುತ್ತದೆ. ಕಳೆದ ವಾರ ಸೆಕೆಂಡಿಗೆ 3 ಮೀಟರ್ ಇದ್ದ ಗಾಳಿ ನಾಲ್ಕು ನಿಮಿಷಗಳಲ್ಲಿ 22 ಮೀಟರಿಗೆ, ಅಂದರೆ ಗಂಟೆಗೆ ಸುಮಾರು 80 ಕಿಲೋಮೀಟರಿಗೆ ಏರಿತು, ಉಷ್ಣಾಂಶ ಒಂಬತ್ತು ಡಿಗ್ರಿ ಇಳಿಯಿತು. 25 ಮೀಟರ್ ಆದರೆ ಯಂತ್ರ ತಾನಾಗಿಯೇ ನಿಲ್ಲುತ್ತದೆ. ಗಾಳಿ ಸತ್ತದ್ದನ್ನು ಕಂಡಕೂಡಲೇ ನಾವು ಗೋಪುರದಿಂದ ಇಳಿಯುತ್ತೇವೆ, ಏಕೆಂದರೆ ಅಲ್ಲಿಂದ ನಮಗೆ ಸಿಗುವುದು ಹೆಚ್ಚೆಂದರೆ ಇಪ್ಪತ್ತು ನಿಮಿಷ.

ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ರಾಯಚೂರು (1:40)

ಇದಕ್ಕಿಂತ ಸ್ಪಷ್ಟವಾಗಿ ನಾನು ಹೇಳಲಾರೆ. ಇನ್ನೊಂದು ವಿಷಯ ಸೇರಿಸುತ್ತೇನೆ. ಸುಂಟರಗಾಳಿಯ ಮಾತಿನಲ್ಲಿ ನಾವು ಸಿಡಿಲನ್ನು ಮರೆಯುತ್ತಿದ್ದೇವೆ. ದೇಶದಲ್ಲಿ ಪ್ರತಿ ವರ್ಷ ಎರಡು ಸಾವಿರಕ್ಕೂ ಹೆಚ್ಚು ಜನ ಸಿಡಿಲಿಗೆ ಸಾಯುತ್ತಾರೆ, ಅವರಲ್ಲಿ ಹೆಚ್ಚಿನವರು ಹೊಲದಲ್ಲಿದ್ದವರು, ದನ ಕುರಿ ಕಾಯುವವರು, ಮಳೆಗೆ ಮರದಡಿ ನಿಂತವರು. ಮಿಂಚು ಕಂಡು ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಎಷ್ಟು ಕಿಲೋಮೀಟರ್ ದೂರ ಎಂದು ತಿಳಿಯುತ್ತದೆ. ಮೂವತ್ತಕ್ಕಿಂತ ಕಡಿಮೆ ಎಣಿಸಿದರೆ ತಾಡಪತ್ರಿಯ ಆಸೆ ಬಿಟ್ಟು ಪಕ್ಕಾ ಮನೆಯೊಳಗೆ ಹೋಗಬೇಕು. ಪುಣೆಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್ ಸುತ್ತಲಿನ ಸಿಡಿಲನ್ನು ತೋರಿಸುತ್ತದೆ, ಅದನ್ನು ಮನೆಯಲ್ಲಿ ಯಾರಾದರೊಬ್ಬರ ಫೋನಿನಲ್ಲಿ ಹಾಕಿಸಿಕೊಳ್ಳಿ.

ಕಾರಟಗಿಯವರೇ, ಯಂತ್ರದ ವಿಷಯದಲ್ಲಿ ನಾನಾಗಿದ್ದರೆ ಹೆಚ್ಚಿನ ಹಣ ಕೊಟ್ಟು ಇಂದು ಎಷ್ಟಾಗುತ್ತದೋ ಅಷ್ಟು ಕೊಯ್ಯಿಸುತ್ತಿದ್ದೆ. ಸುಂಟರಗಾಳಿಯ ಹೆದರಿಕೆಯಿಂದಲ್ಲ. ಬೆಳಿಗ್ಗೆ ಹತ್ತಕ್ಕೇ ಆಗಸದಲ್ಲಿ ಕೋಟೆಯ ತೆನೆಗಳಂತೆ ಸಾಲಾಗಿ ಎದ್ದ ಪುಟ್ಟ ಮೋಡಗಳು ಇಲ್ಲಿಂದ ಕಂಡಿದ್ದವು. ಮಧ್ಯದ ಎತ್ತರದ ಗಾಳಿ ಅಸ್ಥಿರವಾಗಿದೆ ಎಂಬುದರ ಗುರುತು ಅದು.

ಕಾರಟಗಿಯ ಭತ್ತದ ರೈತ (ರಾತ್ರಿ 9:15)

ತಮ್ಮ ಮಾತಿನಂತೆ ಯಂತ್ರ ಕರೆಸಿದೆ. ಮೂರೂವರೆ ಎಕರೆ ಮುಗಿಯಿತು. ಐದೂ ಮುಕ್ಕಾಲಿಗೆ ಗಾಳಿ ಸತ್ತಿತು, ಬೇವಿನ ಮರದ ಒಂದು ಎಲೆಯೂ ಅಲುಗಲಿಲ್ಲ. ಕುಷ್ಟಗಿಯ ತಮ್ಮನವರು ಬರೆದದ್ದು ನೆನಪಾಗಿ ಯಂತ್ರವನ್ನು ನಿಲ್ಲಿಸಿ, ರಾಶಿಗೆ ತಾಡಪತ್ರಿ ಹೊದಿಸಿ, ಸುತ್ತಲೂ ಕಲ್ಲು ಹೇರಿ ಎಲ್ಲರೂ ಮನೆ ಸೇರಿದೆವು. ಆರೂ ಐದಕ್ಕೆ ಪಶ್ಚಿಮದಿಂದ ಧೂಳು ಬಂತು, ಹತ್ತು ನಿಮಿಷ ಗಾಳಿ, ಆಮೇಲೆ ಹದಿನೈದು ನಿಮಿಷ ಮಳೆ, ನಡುವೆ ಕಡಲೆ ಗಾತ್ರದ ಆಲಿಕಲ್ಲು. ರಾಶಿ ಉಳಿಯಿತು. ನಿಂತಿದ್ದ ಒಂದೂವರೆ ಎಕರೆ ಪೂರ್ತಿ ಮಲಗಿದೆ. ಬ್ಯಾಟರಿ ಹಿಡಿದು ನೋಡಿ ಬಂದೆ, ತೆನೆಗಳೆಲ್ಲ ಪೂರ್ವಕ್ಕೇ ತಲೆ ಹಾಕಿವೆ, ಒಂದೂ ಅಡ್ಡ ಬಿದ್ದಿಲ್ಲ.

ಸಿಂಧನೂರಿನ ಅಕ್ಕಿ ಗಿರಣಿಯವರು (9:30)

ಮಲಗಿದ ಪೈರಿನ ಬುಡದಲ್ಲಿ ನೀರು ನಿಲ್ಲದಂತೆ ಬೆಳಿಗ್ಗೆಯೇ ಬದು ಕಡಿದು ಹರಿಯಬಿಡಿ. ತೆನೆ ನೀರಿನಲ್ಲಿ ಎರಡು ಮೂರು ದಿನ ಇದ್ದರೆ ಮೊಳಕೆ ಒಡೆಯುತ್ತದೆ, ಆಮೇಲೆ ಯಾವ ಗಿರಣಿಯವರೂ ಮುಟ್ಟುವುದಿಲ್ಲ. ಆಲಿಕಲ್ಲು ಬಿದ್ದಿರುವುದರಿಂದ, ಫಸಲ್ ಬಿಮಾ ಕಟ್ಟಿದ್ದರೆ 72 ಗಂಟೆಗಳೊಳಗೆ ತಿಳಿಸಬೇಕು, ಮರೆಯಬೇಡಿ. ಇಲ್ಲಿ ನಮ್ಮಲ್ಲಿ ಇಂದೂ ಹನಿ ಬೀಳಲಿಲ್ಲ. ತಾಡಪತ್ರಿ ಮಾತ್ರ ಹೊದಿಸಿಯೇ ಇದೆ.